ಪೆಟ್ಟಿಗೆ ಮುಚ್ಚಿದ ಮೇಲೆ

ಎದುರಿಗೆ ಸಿಕ್ಕಾಗ ಅವರು ಎಲ್ಲರಿಗೂ ಮೇಡಂ. ಬೆನ್ನು ತಿರುಗಿಸಿದ ಕೂಡಲೇ 'ಮುಂದೆ ಮೇಡಂ'. ಹೆಸರಿಟ್ಟವರು ವಿದ್ಯಾರ್ಥಿಗಳು. ಇಟ್ಟು ಎಷ್ಟು ಕಾಲವಾಯಿತೆಂದರೆ, ಇಟ್ಟವರಿಗೇ ಈಗ ತಲೆ ನರೆಯುತ್ತಿದೆ. ಮೇಡಂಗೂ ಆ ಹೆಸರು ಗೊತ್ತಿತ್ತು. ಆದರೆ ಗೊತ್ತಿದೆ ಅನ್ನುವುದು ಮುಖದಲ್ಲಿ ಕಾಣಬೇಕಲ್ಲ? ಅವರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಇಡೀ ವಿಶ್ವವಿದ್ಯಾಲಯ ಯಾವತ್ತೂ ಜಗಳವಿಲ್ಲದೆ ಒಪ್ಪಿಕೊಂಡ ಒಂದೇ ಒಂದು ಸಂಗತಿ ಅದು.

ಅವರು ಕಲಿಸುತ್ತಿದ್ದದ್ದು ಕ್ಲಿನಿಕಲ್ ನ್ಯೂರೋಸೈಕಾಲಜಿ. ಹೆಸರು ಕೇಳಿ ಹೆದರಬೇಕಾಗಿಲ್ಲ. ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಇದ್ದಕ್ಕಿದ್ದಂತೆ ಮರೆಯತೊಡಗಿದವರು ಬರುತ್ತಾರೆ. ಅವರ ನೆನಪು, ಗಮನ, ಮಾತು ಎಷ್ಟು ಉಳಿದಿದೆ, ಎಷ್ಟು ಸೋರಿಹೋಗಿದೆ ಎಂದು ಎದುರಿಗೆ ಕೂತು ನಿಧಾನವಾಗಿ ಅಳೆಯುವ ವಿದ್ಯೆ ಅದು. ವಿಭಾಗದ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಅವರ ಕೋಣೆ. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಹೊರಗೆ ರೋಗಿಯ ಕಡೆಯವರಿಗೆ ಒಂದು ಬೆಂಚು. ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲ, ಗಡಿಯಾರವಿಲ್ಲ; ಇದ್ದರೆ 'ಇವತ್ತು ಯಾವ ವಾರ' ಎಂದು ಕೇಳಿದಾಗ ರೋಗಿ ಉತ್ತರವನ್ನು ಗೋಡೆಯಿಂದ ಕದಿಯುತ್ತಾನೆ. ಮೇಜಿನ ಮೇಲೆ ಒಂದು ಹಳೆಯ ಮರದ ಪೆಟ್ಟಿಗೆ. ಅದರಲ್ಲಿ ಕೆಂಪು-ಬಿಳಿ ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು, ಒಂದು ಸ್ಟಾಪ್‌ವಾಚು, ಮೊಂಡಾದ ಪೆನ್ಸಿಲ್ಲುಗಳು. ಬೆಳಿಗ್ಗೆ ಬಂದು ಮುಚ್ಚಳ ತೆಗೆದರೆ ಸಂಜೆಯವರೆಗೆ ಅದು ಹಾಗೇ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು.

ಈ ವಿದ್ಯೆಗೆ ಒಂದು ಕಟ್ಟಳೆ ಇದೆ. ರೋಗಿ ಉತ್ತರ ಕೊಟ್ಟಾಗ ಸರಿ ಅನ್ನಬಾರದು, ತಪ್ಪು ಅನ್ನಬಾರದು, ತಲೆಯಾಡಿಸಬಾರದು, ಹುಬ್ಬು ಕೂಡ ಏರಿಸಬಾರದು. 'ಆಯ್ತು, ಮುಂದೆ' ಅಂದರೆ ಮುಗಿಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಡಂ ಎಲ್ಲರ ಹಾಗೆ ನಗುತ್ತಿದ್ದವರೇ. ಆಗೊಮ್ಮೆ ಒಬ್ಬ ಬಸ್ ಡ್ರೈವರ್ ಬಂದ. ತಲೆಗೆ ಏಟಾಗಿ ವಾಸಿಯಾಗಿತ್ತು; ಮತ್ತೆ ಸ್ಟಿಯರಿಂಗ್ ಹಿಡಿಯಬಹುದೋ ಇಲ್ಲವೋ ನೋಡಿ ಹೇಳಿ ಎಂದು ಕಳಿಸಿದ್ದರು. ಬಲು ತಮಾಷೆಯ ಮನುಷ್ಯ. ಕೆಲಸ ಹೋದರೆ ಪಾಪ ಇವನ ಗತಿಯೇನು ಎಂದು ಇವರಿಗೂ ಒಳಗೊಳಗೇ ಮರುಕ. ಅವನು ಕಾರ್ಡು ನೋಡಿದ್ದಕ್ಕಿಂತ ಇವರ ಮುಖ ನೋಡಿದ್ದೇ ಹೆಚ್ಚು. ಒಂದೊಂದೇ ಚಿತ್ರದ ಮೇಲೆ ಬೆರಳು ಸರಿಸುತ್ತ ಹೋಗುವುದು, ಇವರ ಕಣ್ಣು ಎಲ್ಲಿ ಅರಳುತ್ತದೋ ಅಲ್ಲಿ ನಿಲ್ಲಿಸುವುದು. ಅಂಕ ಚೆನ್ನಾಗಿ ಬಂತು, ಬಸ್ಸೂ ಸಿಕ್ಕಿತು. ಸ್ವಲ್ಪ ದಿನಕ್ಕೇ ಆ ಬಸ್ಸು ಫುಟ್‌ಪಾತ್ ಹತ್ತಿ ಹಣ್ಣಿನ ಅಂಗಡಿಯೊಳಕ್ಕೆ ನುಗ್ಗಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ, ಅಂಗಡಿಯವನ ಕಾಲು ಮುರಿಯಿತು. ಆ ಅಂಕ ಡ್ರೈವರನದಲ್ಲ, ತನ್ನ ಹುಬ್ಬಿನದು ಎಂದು ಮೇಡಂಗೆ ಆಗ ಹೊಳೆಯಿತು. ಅಂದಿನಿಂದ ಮುಖಕ್ಕೆ ಬೀಗ ಜಡಿದರು.

ಬೀಗ ಜಡಿದದ್ದು ಸರಿಯೇ. ಕೋಣೆಯಿಂದ ಹೊರಗೆ ಬರುವಾಗ ಅದನ್ನು ತೆಗೆಯುವುದು ಮರೆತುಹೋಯಿತು ಅನ್ನುವುದೇ ಫಜೀತಿ. ವಿದ್ಯಾರ್ಥಿಗಳು ಹಗಲೂ ರಾತ್ರಿ ಒದ್ದಾಡಿ ಬರೆದು ತಂದದ್ದನ್ನು ಓದಿ, 'ಆಯ್ತು, ಮುಂದೆ.' ಯಾರಿಗೋ ಮದುವೆ ಗೊತ್ತಾಯಿತೆಂದು ಸಿಹಿ ಕೊಟ್ಟರೆ ಅದನ್ನು ಬಾಯಿಗೆ ಹಾಕಿಕೊಂಡು, 'ಆಯ್ತು, ಮುಂದೆ.' ಬೈದರೂ ವಾಸಿಯಿತ್ತು ಎಂದು ಹುಡುಗರು ಕ್ಯಾಂಟೀನಿನಲ್ಲಿ ಗೋಳಾಡುತ್ತಿದ್ದರು.

ಮನೆಯಲ್ಲಿ ಇನ್ನೊಂದು ಕಥೆ. ಮೇಡಂ ಮದುವೆಯಾಗಲಿಲ್ಲ; ಅಕ್ಕ ತಮ್ಮ ಗಂಡ ತೀರಿಕೊಂಡ ಮೇಲೆ ಬಂದು ಜೊತೆಗಿದ್ದರು. ಅಕ್ಕ ಹೊಲಿಗೆ ಅಂಗಡಿ ನಡೆಸಿದವರು. ಗಿರಾಕಿ ಹೊಸ ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಂತರೆ ಸಾಕು, ತೋಳು ಬಿಗಿಯೋ ಸೊಂಟ ಸಡಿಲವೋ ಅನ್ನುವುದನ್ನು ಅವರು ಬಟ್ಟೆ ನೋಡದೆ ಬರೀ ಮುಖ ನೋಡಿ ಹೇಳುತ್ತಿದ್ದರು. ಅಂಥವರಿಗೆ ಇಂಥ ತಂಗಿ. ಅಡುಗೆ ಬಡಿಸಿ ಎದುರಿಗೆ ಕೂತು, ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದರೂ ಏನೂ ತಿಳಿಯುತ್ತಿರಲಿಲ್ಲ. ಕಡೆಗೆ ತಾವೇ ಒಂದು ತುತ್ತು ಬಾಯಿಗಿಟ್ಟು, 'ಗೋಡೆಗೆ ಬಡಿಸಿದ್ರೂ ಇಷ್ಟೇ' ಎಂದು ಗೊಣಗುತ್ತಿದ್ದರು.

ಬೇಸಿಗೆಗೆ ಮೇಡಂ ನಿವೃತ್ತಿ. ಆ ವಿಷಯಕ್ಕೆ ಇದ್ದದ್ದು ಅವರೊಬ್ಬರೇ. ಅವರ ಜಾಗಕ್ಕೆ ಜಾಹೀರಾತು ಕೊಟ್ಟರು. ಮೊದಲ ಸಲ ಆಯ್ಕೆಯಾದವರು ಬೇರೆ ಕಡೆ ಹೋದರು, ಎರಡನೇ ಸಲ ಆಯ್ಕೆಯಾದವರೂ ನಯವಾಗಿ ಕೈಕೊಟ್ಟರು. ಯಾಕೆ ಎಂದು ಯಾರೂ ಕೇಳಲಿಲ್ಲ. ಡೀನ್ ಒಳ್ಳೆಯ ಮನುಷ್ಯ, ಆದರೆ ಖಾಲಿ ಕುರ್ಚಿ ಕಂಡರೆ ಅವರ ಕೈ ತುರಿಸುತ್ತದೆ. ಈ ಸಲವೂ ಯಾರೂ ಬರದಿದ್ದರೆ ಹುದ್ದೆಯನ್ನು ವ್ಯಾಪಾರದ ಮನೋವಿಜ್ಞಾನಕ್ಕೆ ಕೊಡುವುದು, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಜೆರಾಕ್ಸ್ ಮಿಷನ್ ಇಡುವುದು ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಮೇಡಂ 'ಆಯ್ತು' ಅಂದರು. ಅಂದು ಕೋಣೆಗೆ ಬಂದು, ಹೊರಗಿನ ಬೆಂಚಿನ ಮೇಲೆ ಕೂತವರನ್ನು ನೋಡಿದರು. ಹೆಂಡತಿಯ ಹೆಸರು ಮರೆತ ಗಂಡನೊಬ್ಬ, ಅವನ ಕೈ ಬಿಡದೆ ಹಿಡಿದುಕೊಂಡ ಹೆಂಡತಿ. ಇವರು ಇನ್ನೆಲ್ಲಿಗೆ ಹೋಗಬೇಕು ಎಂದು ಮೇಡಂಗೆ ಸಂಕಟವಾಯಿತು. ಮುಖ ಮಾತ್ರ ಎಂದಿನಂತೇ ಇತ್ತು.

ಮೂರನೇ ಸಲ ಬಂದವರು ಇಬ್ಬರು. ಒಬ್ಬ, ಬಾಗಿಲಲ್ಲೇ ಎಲ್ಲರ ಕೈಕುಲುಕಿ, ಹಲ್ಲೆಲ್ಲ ಕಾಣುವಂತೆ ನಕ್ಕವನು. ಅವನನ್ನು ನಗುಮುಖ ಅನ್ನೋಣ. ಇನ್ನೊಬ್ಬಳು ಮೇಡಂ ಬಳಿಯೇ ಹಿಂದೆ ಎರಡು ವರ್ಷ ಕಲಿತವಳು. ಮಾತು ಅಷ್ಟು ಮೆತ್ತಗೆ ಎಂದು ಆಗ ಜೊತೆಯವರು ಅವಳಿಗೆ ಪಿಸುಮಾತು ಎಂದು ಹೆಸರಿಟ್ಟಿದ್ದರು. ಓದು ಮುಗಿಸಿ ದೂರದ ಆಸ್ಪತ್ರೆಯೊಂದಕ್ಕೆ ಹೋದವಳು, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅವಳ ಅರ್ಜಿ ಕಂಡ ದಿನ ಮೇಡಂಗೆ ಎದೆಯಲ್ಲಿ ದೀಪ ಹಚ್ಚಿದಂತಾಗಿತ್ತು. ಅಂಥ ವಿದ್ಯಾರ್ಥಿ ಅವರಿಗೆ ಇನ್ನೊಬ್ಬರು ಸಿಕ್ಕಿರಲಿಲ್ಲ. ಆದರೆ ತನ್ನ ಶಿಷ್ಯೆಗೆ ತಾನೇ ಕೆಲಸ ಕೊಡಿಸಿದೆ ಅನ್ನಿಸಿಕೊಳ್ಳಬಾರದಲ್ಲ. ಸಮಿತಿಗೆ ವಿಷಯ ಮೊದಲೇ ತಿಳಿಸಿ, ಆ ದಿನ ಮುಖಕ್ಕೆ ಇನ್ನೊಂದು ಬೀಗ ಹೆಚ್ಚಾಗಿಯೇ ಹಾಕಿಕೊಂಡು ಬಂದರು.

ಇಬ್ಬರೂ ಸಮಿತಿಯ ಎದುರಿಗೆ ಒಬ್ಬ ಹಿರಿಯರನ್ನು ಕೂರಿಸಿಕೊಂಡು ನೆನಪಿನ ಪರೀಕ್ಷೆ ಮಾಡಿ ತೋರಿಸಬೇಕಿತ್ತು. ಅದಕ್ಕೆ ಗೊತ್ತುಮಾಡಿದ್ದ ಅಜ್ಜಿ ಮಂಡಿನೋವೆಂದು ಬರಲಿಲ್ಲ. ಮನೆ ಹತ್ತಿರವಿದ್ದದ್ದರಿಂದ ಮೇಡಂ ಅಕ್ಕನಿಗೇ ಫೋನ್ ಮಾಡಿದರು. ಅಕ್ಕ ಒಳ್ಳೆ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ಹೆಣ್ಣು ನೋಡುವುದಕ್ಕೆ ಬಂದವರ ಗತ್ತಿನಲ್ಲಿ ಬಂದು ಕೂತರು.

ಬೆಳಿಗ್ಗೆ ನಗುಮುಖದ ಸರದಿ. ಕಾರ್ಡಿನಲ್ಲಿ ತೋರಿಸಿ ಮುಚ್ಚಿಟ್ಟ ಪದಗಳಲ್ಲಿ ಅಕ್ಕ ಒಂದನ್ನು ನೆನಪಿಸಿಕೊಂಡು ಹೇಳಿದರೆ ಅವನು 'ಶಹಬ್ಬಾಸ್ ಅಮ್ಮ' ಎಂದು ಮೇಜು ಕುಟ್ಟುತ್ತಿದ್ದ. ತಡವರಿಸಿದರೆ, ಅದು ಅಡುಗೆಮನೆಯಲ್ಲಿ ಇರುತ್ತೆ, ಹೊಗೆ ಬರುತ್ತೆ ಎಂದು ದಾರಿ ತೋರಿಸುತ್ತಿದ್ದ. ಅಕ್ಕನಿಗೆ ಪೂರ್ತಿ ಅಂಕ. ಎದ್ದಾಗ ಅವರು ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು. ಡೀನ್ ಕೂಡ ಖುಷಿಯಲ್ಲಿ ನಗುತ್ತಿದ್ದರು. ಮೇಡಂಗೆ ಮಾತ್ರ ಕಣ್ಣ ಮುಂದೆ ಒಂದು ಹಣ್ಣಿನ ಅಂಗಡಿ, ಚೆಲ್ಲಾಪಿಲ್ಲಿಯಾದ ಕಿತ್ತಳೆ ಹಣ್ಣು.

ಮಧ್ಯಾಹ್ನ ಬೇರೆ ಪದಗಳನ್ನಿಟ್ಟುಕೊಂಡು ಪಿಸುಮಾತು ಕೂತಳು. ಒಂದು ಪದದ ಹತ್ತಿರ ಅಕ್ಕ ನಿಂತುಬಿಟ್ಟರು. ಕೋಣೆಯಲ್ಲಿ ಗಾಳಿಯೂ ಆಡಲಿಲ್ಲ. ಡೀನ್ ತಡೆಯಲಾಗದೆ ಕೆಮ್ಮಿದರು. ಅವಳು ಕದಲಲಿಲ್ಲ. ಅಕ್ಕ ಅವಳ ಮುಖ ಹುಡುಕಿದರು, ಅಲ್ಲಿ ಏನೂ ಸಿಗಲಿಲ್ಲ, ಮತ್ತೆ ತಮ್ಮೊಳಗೇ ಹುಡುಕತೊಡಗಿದರು. ಸಾಕಷ್ಟು ಹೊತ್ತು ಬಿಟ್ಟು, 'ಆಯ್ತು ಅಮ್ಮ, ಮುಂದೆ' ಅಂದಳು. ಮೇಡಂ ಒಳಗೊಳಗೇ ಎದ್ದು ಕುಣಿಯುತ್ತಿದ್ದರು. ಹೊರಗೆ ಜಪ್ಪಯ್ಯ ಅನ್ನಲಿಲ್ಲ.

ಅಷ್ಟರಲ್ಲಿ ಟೀ ಬಂತು, ಎಲ್ಲರೂ ಕಪ್ಪಿನ ಕಡೆ ತಿರುಗಿದರು. ಆಮೇಲೆ ಪ್ರಶ್ನೆಗಳು. ಮೇಡಂ ಶಿಷ್ಯೆಯನ್ನು 'ನೀವು' ಎಂದೇ ಮಾತಾಡಿಸಿದರು; ಉತ್ತರ ಕೇಳಿ 'ಆಯ್ತು, ಮುಂದೆ' ಅಂದರು. ಅವಳೂ ಅವರ ಕೈಯಲ್ಲಿ ತಯಾರಾದವಳೇ. ಈ ಕೆಲಸ ಯಾಕೆ ಬೇಕು ಅಂದದ್ದಕ್ಕೆ, ಕಲಿಸಬೇಕು ಅನ್ನಿಸಿದೆ ಎಂದು ಬಸ್ಸಿನ ಸಮಯ ಹೇಳುವ ದನಿಯಲ್ಲಿ ಹೇಳಿದಳು. ಹೀಗೆ ಎರಡು ಬೀಗ ಹಾಕಿದ ಬಾಗಿಲುಗಳು ಎದುರುಬದುರು ಕೂತು ಒಂದನ್ನೊಂದು ನೋಡಿಕೊಂಡವು.

ಈ ಹೆಂಗಸಿಗೆ ಕೆಲಸ ಬೇಕಾಗಿಯೇ ಇಲ್ಲ ಎಂದು ಡೀನ್ ಆಮೇಲೆ ಮೂಗು ಮುರಿದರು. ಆಗ ಮೇಡಂ, ಅಪರೂಪಕ್ಕೆ, ಉದ್ದಕ್ಕೆ ಮಾತಾಡಿದರು. ಬಸ್ಸಿನ ಕಥೆ ಹೇಳಿದರು. ಬೆಳಿಗ್ಗೆ ಬಂದ ಪೂರ್ತಿ ಅಂಕ ತನ್ನ ಅಕ್ಕನದಲ್ಲ, ಆ ನಗುವಿನದು ಎಂದರು. ಹೊರಗಿನಿಂದ ಬಂದಿದ್ದ ತಜ್ಞರು ಹೌದು ಹೌದು ಎಂದು ದನಿಗೂಡಿಸಿದರು. ಪಿಸುಮಾತು ಮೊದಲು, ನಗುಮುಖ ಎರಡನೆಯವನು ಎಂದು ತೀರ್ಮಾನವಾಯಿತು.

ಸೋಮವಾರ ಆದೇಶ ಹೋಗಬೇಕಿತ್ತು. ಶುಕ್ರವಾರ ಬೆಳಿಗ್ಗೆಯೇ ಅವಳಿಂದ ಮೇಲ್ ಬಂತು: ತನ್ನನ್ನು ಪರಿಗಣಿಸುವುದು ಬೇಡ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ. ಡೀನ್ ಮೇಡಂ ಕೋಣೆಗೇ ಬಂದು, ಎರಡನೆಯವನಿಗೆ ಕಳಿಸೋಣವೋ, ಜೆರಾಕ್ಸ್ ಮಿಷನ್ ತರಿಸೋಣವೋ ಎಂದರು. ಮೇಡಂ ಸೋಮವಾರದವರೆಗೆ ಸಮಯ ಕೇಳಿದರು. ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು ಎಂಬ ಬೆರಗಿಗೇ ಡೀನ್ ಒಪ್ಪಿಕೊಂಡರು.

ಸಂಜೆ ಮನೆಯಲ್ಲಿ ಅಕ್ಕ ಕಿಟಕಿಯ ಬಳಿ ಕೂತು ಪರದೆಯ ಅಂಚು ಹೊಲಿಯುತ್ತಿದ್ದರು. ಹುಡುಗಿ ಬೇಡ ಅಂದಳು ಎಂದು ಮೇಡಂ ತಿಳಿಸಿದರು. ಅಕ್ಕ ದಾರ ಕಡಿದು ಸೂಜಿ ಕೆಳಗಿಟ್ಟರು.

"ಅಯ್ಯೋ, ಆ ಮೆತ್ತಗೆ ಮಾತಾಡೋ ಹುಡುಗಿನಾ? ಪರೀಕ್ಷೆ ಮಾಡುವಾಗ ಥೇಟ್ ನಿನ್ನ ಥರಾನೇ ಕಣೆ ಅವಳು. ಆದ್ರೆ ಆಮೇಲೆ ನಿನ್ನ ಥರ ಅಲ್ಲ."

"ಆಮೇಲೆ ಅಂದ್ರೆ?"

"ನೀವೆಲ್ಲ ಟೀ ಕುಡಿಯೋದ್ರಲ್ಲಿ ಮುಳುಗಿದ್ರಿ, ನೋಡ್ಲಿಲ್ಲ. ಅವಳು ಕಾರ್ಡೆಲ್ಲ ಎತ್ತಿಟ್ಟು ಪೆಟ್ಟಿಗೆ ಮುಚ್ಚಿದ್ಲು. ಮುಚ್ಚಿದ ಮೇಲೆ ನನ್ನ ಕೈ ಹಿಡ್ಕೊಂಡು, ಪರೀಕ್ಷೆ ಮುಗೀತು ಅಮ್ಮ, ತುಂಬಾ ಕಷ್ಟಪಟ್ಟು ಮಾಡಿದ್ರಿ ಅಂತ ನಕ್ಕಳು. ಬೆಳಿಗ್ಗೆ ಅವನು ಅಷ್ಟು ಶಹಬ್ಬಾಸ್ ಅಂದ್ನಲ್ಲ, ಒಂದೂ ಮನಸ್ಸಿಗೆ ತಟ್ಟಿರ್ಲಿಲ್ಲ. ಇವಳು ಅಷ್ಟಂದಿದ್ದಕ್ಕೆ ನನಗೆ ಕಣ್ಣಲ್ಲಿ ನೀರು ಬಂತು."

ಅಕ್ಕ ಮತ್ತೆ ಸೂಜಿ ಎತ್ತಿಕೊಂಡರು.

"ಪೆಟ್ಟಿಗೆ ಮುಚ್ಚೋದು ಅಂತ ಒಂದಿರುತ್ತೆ ಪುಟ್ಟಿ," ಎಂದರು, ಕಣ್ಣು ಹೊಲಿಗೆಯ ಮೇಲಿಟ್ಟುಕೊಂಡೇ. "ನೀನು ಇಷ್ಟು ವರ್ಷದಲ್ಲಿ ಮುಚ್ಚಿದ್ದು ನಾನು ನೋಡಿಲ್ಲ."

ಅರವತ್ತು ಮುಟ್ಟಿದವರನ್ನು ಪುಟ್ಟಿ ಎಂದು ಕರೆಯುವವರು ಲೋಕದಲ್ಲಿ ಒಬ್ಬರೇ ಉಳಿದಿದ್ದರು. ಆ ರಾತ್ರಿ ಮೇಡಂಗೆ ಬೇಗ ನಿದ್ದೆ ಬರಲಿಲ್ಲ. ಪಿಸುಮಾತು ಓದು ಮುಗಿಸಿ ಹೊರಟ ದಿನ ಬಾಗಿಲಲ್ಲಿ ನಿಂತಿದ್ದಳು, ಏನನ್ನೋ ಕಾಯುವವಳ ಹಾಗೆ. ಅವತ್ತು ತಾನೇನು ಅಂದೆ? ಬಹಳ ಹುಡುಕಬೇಕಾಗಲಿಲ್ಲ. 'ಆಯ್ತು, ಮುಂದೆ' ಅಂದಿದ್ದರು.

ಶನಿವಾರ ಬೆಳಿಗ್ಗೆಯ ಬಸ್ಸು ಹಿಡಿದು ಮೇಡಂ ಪಿಸುಮಾತು ಕೆಲಸ ಮಾಡುವ ಆಸ್ಪತ್ರೆಗೆ ಹೋದರು. ಉದ್ದನೆಯ ಓಣಿ, ಫಿನಾಯಿಲ್ ವಾಸನೆ, ಗೋಡೆಗೆ ಒರಗಿಸಿಟ್ಟ ಗಾಲಿಕುರ್ಚಿಗಳು. ಕೊನೆಯ ಕೋಣೆಯ ಹೊರಗೆ ಒಂದು ಬೆಂಚು. ರೋಗಿಯ ಕಡೆಯವರ ಸಾಲಿನಲ್ಲಿ ಅವರೂ ಕೂತರು. ಪಕ್ಕದಲ್ಲಿದ್ದ ಹೆಂಗಸು, ನಿಮಗೋ ಮನೆಯವರಿಗೋ ಎಂದು ಕೇಳಿದಳು. ನನಗೇ ಎಂದರು ಮೇಡಂ.

ಸರದಿ ಬಂದಾಗ ಒಳಗೆ ಹೋದರೆ ಅದೇ ಒಂದು ಮೇಜು, ಎರಡು ಕುರ್ಚಿ, ಬೋಳು ಗೋಡೆ, ತೆರೆದ ಪೆಟ್ಟಿಗೆ. ಪಿಸುಮಾತು ಗಾಬರಿಯಾಗಿ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಮೇಡಂ ಬೇಡವೆಂದು, ರೋಗಿಯ ಕುರ್ಚಿಯಲ್ಲಿ ಕೂತರು. ಕೆಲಸ ಯಾಕೆ ಬೇಡ ಅಂದೆ ಎಂದು ಸುತ್ತಿಬಳಸದೆ ಕೇಳಿದರು. ಅವಳು ಮೊದಲು, ಇಲ್ಲಿ ಇಡೀ ವಿಭಾಗದ ಹೊಣೆ ವಹಿಸಿಕೊಳ್ಳುತ್ತೀಯಾ ಎಂದು ಕೇಳಿದ್ದಾರೆ, ಇವತ್ತೇ ಉತ್ತರ ಕೊಡಬೇಕು ಎಂದಳು. ಅದು ನೆಪ ಎಂದು ಇಬ್ಬರಿಗೂ ಗೊತ್ತಾಯಿತು. ಮೇಡಂ ಕಾದರು. ಕಾಯುವುದು ಅವರಿಗೆ ಹೊಸದಲ್ಲ.

"ಮೇಡಂ, ನಾನು ನಿಮ್ಮ ಹತ್ರ ಎರಡು ವರ್ಷ ಇದ್ದೆ," ಎಂದಳು ಕಡೆಗೆ. "ಚೆನ್ನಾಗಿದೆ ಅಂತ ಒಂದು ದಿನ ಅಂದಿಲ್ಲ, ಚೆನ್ನಾಗಿಲ್ಲ ಅಂತಾನೂ ಅಂದಿಲ್ಲ. ನಾನೇ ಅರ್ಥ ಮಾಡ್ಕೊಂಡೆ, ಸುಮಾರು ಅಂತ. ಆದ್ರೂ ಈಗ ಆಸೆ ತಡೀಲಾರ್ದೆ ಅರ್ಜಿ ಹಾಕ್ದೆ. ಮೊನ್ನೆ ನೀವು ನನ್ನನ್ನ ನೀವು ಅಂತ ಕರೆದ್ರಲ್ಲ, ಅಷ್ಟಕ್ಕೇ ಗೊತ್ತಾಯ್ತು ಆಗಲ್ಲ ಅಂತ. ನಿಮ್ಮ ಕೈಯಿಂದ ಬೇಡ ಅನ್ನಿಸ್ಕೊಳ್ಳೋಕಿಂತ ನಾನೇ ಬೇಡ ಅನ್ನೋದು ವಾಸಿ ಅನ್ನಿಸ್ತು."

ಹೇಳಬೇಕಾದದ್ದೆಲ್ಲ ಮೇಡಂ ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದರು. ಒಂದೂ ನೆನಪಿಗೆ ಬರಲಿಲ್ಲ.

"ನೀನೇ ಮೊದಲನೆಯವಳು," ಎಂದರು. "ಸಮಿತಿಯಲ್ಲಷ್ಟೇ ಅಲ್ಲ. ನಾನು ಕಲಿಸಿದವರಲ್ಲೆಲ್ಲ ನೀನೇ. ನೀನು ಹೋದ ಮೇಲೆ ಬಂದ ಹುಡುಗರನ್ನ ಕೇಳು ಬೇಕಾದ್ರೆ. ರೋಗಿ ಮುಂದೆ ಹೇಗೆ ಕೂರಬೇಕು ಅಂತ ಹೇಳುವಾಗ ಪ್ರತಿ ಸಲ ನಿನ್ನ ಹೆಸರೇ ಹೇಳ್ತೀನಿ. ಅವಳು ಕೂರ್ತಿದ್ದ ಹಾಗೆ ಕೂರಿ ಅಂತೀನಿ."

ಪಿಸುಮಾತು ಕೈಯಲ್ಲಿದ್ದ ಪೆನ್ಸಿಲ್ ಮೇಜಿನ ಮೇಲಿಟ್ಟಳು.

"ಅಷ್ಟು ಜನಕ್ಕೆ ಹೇಳಿದ್ರಿ," ಎಂದಳು. "ನನಗೆ ಹೇಳ್ಲಿಲ್ಲ."

"ಇಲ್ಲ. ನಿನಗೆ ಹೇಳ್ಲಿಲ್ಲ. ಪರೀಕ್ಷೆ ಮುಗಿದಿದ್ದೇ ನನಗೆ ಗೊತ್ತಾಗ್ಲಿಲ್ಲ ಕಣೆ. ತುಂಬಾ ಚೆನ್ನಾಗಿ ಮಾಡಿದ್ದೆ ನೀನು. ಅವತ್ತೂ, ಮೊನ್ನೆಯೂ."

ಅವಳ ಮುಖ ನಿಶ್ಚಲವಾಗಿತ್ತು. ಮೇಡಂ ಆ ಮುಖವನ್ನೇ ನೋಡಿದರು. ಹುಬ್ಬು ನೋಡಿದರು, ತುಟಿಯ ಕೊನೆ ನೋಡಿದರು, ಕಣ್ಣೆಲ್ಲಾದರೂ ಅರಳಿತೇ ಎಂದು ಹುಡುಕಿದರು. ಏನೂ ಸಿಗಲಿಲ್ಲ. ಈ ಕುರ್ಚಿಯಲ್ಲಿ ಕೂತವರ ಎದೆ ಹೀಗೆ ಹೊಡೆದುಕೊಳ್ಳುತ್ತದೆ ಎಂಬುದು ಅಷ್ಟು ವರ್ಷ ಎದುರಿನ ಕುರ್ಚಿಯಲ್ಲಿ ಕೂತವರಿಗೆ ಅವತ್ತು ಗೊತ್ತಾಯಿತು. ಬಸ್ ಡ್ರೈವರನ ಮೇಲೆ ಇದ್ದ ಹಳೆಯ ಸಿಟ್ಟು ಕೂಡ ಆ ಗಳಿಗೆಯಲ್ಲಿ ಕರಗಿತು. ಪಾಪ, ಅವನು ಮುಖ ನೋಡದೆ ಇನ್ನೇನು ನೋಡಬೇಕಿತ್ತು?

ಪಿಸುಮಾತು ಕೈ ಚಾಚಿ ಚೆಲ್ಲಿದ್ದ ಕೆಂಪು-ಬಿಳಿ ತುಂಡುಗಳನ್ನು ಒಂದೊಂದಾಗಿ ಎತ್ತಿಟ್ಟಳು. ಕಾರ್ಡುಗಳನ್ನು ಜೋಡಿಸಿಟ್ಟಳು. ಪೆನ್ಸಿಲ್ ಇಟ್ಟಳು. ಪೆಟ್ಟಿಗೆಯ ಮುಚ್ಚಳ ಹಾಕಿ ಚಿಲಕ ಸಿಕ್ಕಿಸಿದಳು. ಆಮೇಲೆ ಮೇಜಿನ ಮೇಲಿದ್ದ ಮೇಡಂ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಅಕ್ಕ ಹೇಳಿದ್ದ ಆ ನಗು ನಕ್ಕಳು. ಅವಳ ಕಣ್ಣಲ್ಲಿ ನೀರಿತ್ತು.

"ಮುಗೀತು ಮೇಡಂ," ಎಂದಳು. "ಸೋಮವಾರ ಡೀನ್‌ಗೆ ನಾನೇ ಫೋನ್ ಮಾಡ್ತೀನಿ. ಇಲ್ಲಿಯವ್ರಿಗೆ ಏನೋ ಒಂದು ಹೇಳ್ತೀನಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೇಡಂ ಸೋಮವಾರ ಮಾಡಬೇಕಾದ ಕೆಲಸಗಳನ್ನು ನೆನೆದರು. ಕೊನೆಯ ವರ್ಷದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆಯಬೇಕು. ಒಬ್ಬೊಬ್ಬರಿಗೂ ಹೇಳುವುದಿತ್ತು; ಕೆಲವರಿಗೆ ಚೆನ್ನಾಗಿಲ್ಲ ಎಂದೂ ಹೇಳುವುದಿತ್ತು.

ಮನೆ ತಲುಪುವ ಹೊತ್ತಿಗೆ ಅಕ್ಕ ತಟ್ಟೆ ಹಾಕಿಕೊಂಡು ಕಾಯುತ್ತಿದ್ದರು. ಮೇಡಂ ಚಪ್ಪಲಿ ಬಿಟ್ಟು, ಚೀಲ ಮೂಲೆಗಿಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, 'ಅಕ್ಕ, ಅವಳು...' ಎಂದು ಬಾಯಿ ತೆರೆದರು. ಅಕ್ಕ ಸೌಟು ಹಿಡಿದ ಕೈ ಎತ್ತಿ ಅವರನ್ನು ಅಲ್ಲೇ ತಡೆದು, ಕನ್ನಡಕ ಮೇಲೇರಿಸಿ, ಅಂಗಡಿಯಲ್ಲಿ ಕನ್ನಡಿಯ ಮುಂದೆ ನಿಂತ ಗಿರಾಕಿಯನ್ನು ನೋಡುವ ಹಾಗೆ ತಂಗಿಯನ್ನು ಒಂದು ಸಲ ನೋಡಿದರು.

"ಹೇಳ್ಬೇಡ ಬಿಡು," ಎಂದರು. "ಮುಖ ನೋಡಿದ್ರೇ ಗೊತ್ತಾಗ್ತಿದೆ."